ಹುಲ್ಲಿನ ಮರೆಯಲ್ಲಿ ಅಳಿಯ

ಕಾಡುಪ್ರಾಣಿಗಳ ಚಿತ್ರ ತೆಗೆಯುವವರಿಗೆ ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನನಗೆ ತಾಳ್ಮೆ ಹುಟ್ಟಿನಿಂದಲೇ ಇಲ್ಲ. ಇರುವುದು ಹಟ. ಹಟಮಾರಿಯೊಬ್ಬಳು ಕೂತಲ್ಲೇ ಕೂತಿರುವುದನ್ನು ನೋಡಿ ಜನ ಅದನ್ನೇ ತಾಳ್ಮೆ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಒಳ್ಳೆಯ ಹೆಸರು ಪುಕ್ಕಟೆ ಬಂದರೆ ಯಾರು ಬೇಡ ಅನ್ನುತ್ತಾರೆ?

ಆ ವರ್ಷದ ಚಳಿಗಾಲದಲ್ಲಿ ಲುವಾಂಗ್ವಾ ಕಣಿವೆಯ ಒಂದು ಹಳೆಯ ಹುತ್ತದ ಎದುರು, ಹುಲ್ಲು ಹೊದಿಸಿದ ಮರೆಯೊಳಗೆ, ದಿನವೂ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದೆ. ಹುತ್ತದ ಬುಡದಲ್ಲಿ ಬಿಲ, ಬಿಲದೊಳಗೆ ಕಾಡುನಾಯಿಯ ಮರಿಗಳು. ಈ ನಾಯಿಗಳ ಮೇಲಿನ ನನ್ನ ಸಾಕ್ಷ್ಯಚಿತ್ರದಲ್ಲಿ ಬೇಟೆಯಿತ್ತು, ಓಟವಿತ್ತು, ಕತ್ತೆಕಿರುಬಗಳ ಜೊತೆ ಕಾದಾಟವಿತ್ತು. ಮರಿಗಳು ಮೊದಲ ಸಲ ಬಿಲದಿಂದ ಹೊರಬಂದು ಬೆಳಕಿಗೆ ಕಣ್ಣು ಪಿಳುಕಿಸುವ ಗಳಿಗೆ ಮಾತ್ರ ಇರಲಿಲ್ಲ. ಅದು ಒಂದೇ ಸಲ ಆಗುವಂಥದ್ದು. ತಾಯಿನಾಯಿಗೆ ಚೂರು ಅನುಮಾನ ಬಂದರೂ ಸಾಕು, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಹೊರಟುಬಿಡುತ್ತಾಳೆ. ಆಮೇಲೆ ಖಾಲಿ ಹುತ್ತದ ಚಿತ್ರ ತೆಗೆದುಕೊಂಡು ಕೂರಬೇಕು.

ನಿಜ ಹೇಳಬೇಕೆಂದರೆ ನಾನು ನಾಯಿಗಳ ಕಣ್ಣಿನಿಂದ ಮಾತ್ರ ಅಡಗಿ ಕೂತಿರಲಿಲ್ಲ. ಎಂಪಿಕಾದ ನನ್ನ ಮನೆಯಲ್ಲಿ ಬೀರುವಿನ ಮೇಲೆ ಒಂದು ಮುಚ್ಚಿದ ತಟ್ಟೆ ಇತ್ತು. ಹುಡುಗನ ಕಡೆಯ ಮಧ್ಯಸ್ಥ ತಂದಿಟ್ಟು ಹೋದದ್ದು. ನಮ್ಮಲ್ಲಿ ಹೆಣ್ಣು ಕೇಳುವ ರೀತಿ ಅದು. ಮುಚ್ಚಳ ತೆಗೆದರೆ ಒಪ್ಪಿಗೆ, ಮುಚ್ಚಿದಂತೆಯೇ ವಾಪಸ್ಸು ಕಳಿಸಿದರೆ ಇಲ್ಲ ಎಂದರ್ಥ. ನನ್ನ ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗಳ ಸೋದರಮಾವ, ಅಂದರೆ ನನ್ನ ಅಣ್ಣ, "ನೀನು ಹೂಂ ಅಂದ್ರೆ ನಂದೂ ಹೂಂ" ಎಂದು ಜಾರಿಕೊಂಡಿದ್ದ. ನಾನು ಮುಚ್ಚಳ ತೆಗೆಯಲೂ ಇಲ್ಲ, ತಟ್ಟೆ ಕಳಿಸಲೂ ಇಲ್ಲ. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕಾಡಿಗೆ ಬಂದೆ. ಎಲ್ಲಿಗೆ ಎಂದು ಕೇಳಿದ ಮಗಳಿಗೆ ದೂರದ ಕಾಫುಯೆ ಕಾಡಿಗೆ, ಆನೆ ಚಿತ್ರಕ್ಕೆ, ಎಂದು ಸುಳ್ಳು ಹೇಳಿದೆ. ಇಲ್ಲದಿದ್ದರೆ ಮಧ್ಯಸ್ಥನನ್ನು ಇಲ್ಲಿಗೇ ಅಟ್ಟುವ ಪೈಕಿ ಅವಳು.

ಹುಡುಗ ಸೌಂಡ್ ರೆಕಾರ್ಡಿಂಗ್ ಕೆಲಸದವನು ಎಂದು ಮಧ್ಯಸ್ಥ ಹೇಳಿದ್ದ. ಅಷ್ಟು ಕೇಳಿದ್ದೇ ತಡ, ಮುಂದಿನದು ನನ್ನ ಕಿವಿಗೆ ಬೀಳಲಿಲ್ಲ. ಅಂದರೆ ನಮ್ಮ ಕಸುಬಿನವನು! ನಮ್ಮ ಕಸುಬಿನವರು ಮನೆಯಲ್ಲಿ ಇರುವುದುಂಟೆ? ಮಗಳು ಚಿಲೆಶೆ ಚಿಕ್ಕವಳಿದ್ದಾಗ ಸಂಜೆಯಾದರೆ ನನ್ನ ತಂಗಿಯ ಮನೆಯ ಹೊಸಿಲ ಮೇಲೆ ಕೂತು ನನ್ನ ದಾರಿ ಕಾಯುತ್ತಿದ್ದಳು. ತಾಯಿಗಾಗಿ ಅಷ್ಟು ಕಾದವಳು ಇನ್ನು ಗಂಡನಿಗಾಗಿಯೂ ಕಾಯಬೇಕೆ? ಊರು ತಿರುಗುವವನಿಗೆ ನನ್ನ ಮಗಳನ್ನು ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಬಾಯಿ ಬಿಟ್ಟು ಹೇಳುವ ಧೈರ್ಯವೊಂದು ಬಾಕಿಯಿತ್ತು.

ಅಷ್ಟರಲ್ಲಿ ನನ್ನ ಜೊತೆ ಸೌಂಡ್ ಹಿಡಿಯುತ್ತಿದ್ದ ಮುದುಕ ಕಬಾಸೊಗೆ ಮಲೇರಿಯಾ ಬಂತು. ಲುಸಾಕಾದ ಕಂಪನಿಯವರು ಬದಲಿಗೆ ಯಾರನ್ನೋ ಕಳಿಸುತ್ತೇವೆ ಎಂದರು. ಯಾರು, ಎತ್ತ ಎಂದು ನಾನು ಕೇಳಲಿಲ್ಲ. ಮೈಕ್ ಹಿಡಿದು ಬಾಯಿ ಮುಚ್ಚಿಕೊಂಡು ಕೂರುವವನಾದರೆ ಸಾಕಿತ್ತು.

ಅವನು ರಾತ್ರಿಯಿಡೀ ಲಾರಿಯಲ್ಲಿ ಘಾಟಿ ಇಳಿದು, ಬೆಳಗಾಗುವ ಮೊದಲು ನೇರವಾಗಿ ಮರೆಗೇ ಬಂದ. ನಮ್ಮ ಡ್ರೈವರ್ ಯೋತಾಂ ಅವನನ್ನು ಕತ್ತಲಲ್ಲೇ ಒಳಗೆ ತೂರಿಸಿ ಹೊರಟುಹೋದ. ಮರೆ ಎಂದರೆ ಸೊಂಟದಾಳಕ್ಕೆ ಅಗೆದ ಗುಂಡಿ, ಮೇಲೆ ಕೋಲಿನ ಚಪ್ಪರ, ಅದರ ಮೇಲೆ ಹುಲ್ಲು, ಮುಂದೆ ಲೆನ್ಸ್ ತೂರುವಷ್ಟು ಕಿಂಡಿ. ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಅವನು ನಮಸ್ಕಾರ ಹೇಳಿದ ಧಾಟಿಯಲ್ಲೇ ಗೊತ್ತಾಯಿತು, ಇವನು ಚಿಪಾಟಾ ಸೀಮೆಯ ಅಂಗೋನಿ ಜನದವನು.

"ಚಿಪಾಟಾ ಕಡೆಯೋನೇನಪ್ಪಾ?" ಎಂದು ಪಿಸುಗುಟ್ಟಿದೆ.

"ಹೂಂ ಅಮ್ಮ, ಹುಟ್ಟಿದ್ದು ಅಲ್ಲೇ. ನೀವು?"

"ಬೆಂಬಾ."

ಕತ್ತಲಲ್ಲಿ ಅವನು ನಕ್ಕಿದ್ದು ಕೇಳಿಸಿತು. "ಅಯ್ಯೋ ದೇವ್ರೇ! ದಾರೀಲಿ ಒಂದು ಮಂಗಾನೂ ಉಸಿರೆತ್ತಲಿಲ್ಲ, ಯಾಕಪ್ಪಾ ಅಂದ್ಕೊಂಡೆ. ತಿನ್ನೋರು ಇಲ್ಲೇ ಗುಂಡಿ ತೋಡಿ ಕೂತಿದಾರೆ ಅಂತ ಈಗ ಗೊತ್ತಾಯ್ತು."

"ಮಂಗ ಆದ್ರೆ ಕಣ್ಣಿಗೆ ಕಾಣೋ ಅಷ್ಟು ದಪ್ಪ ಇರತ್ತೆ ಕಣೋ. ನಿಮ್ಮ ಹಾಗೆ ಹೊಲ ಅಗೆದು ಇಲಿ ಹಿಡಿದು ಬಾಲದ ಸಮೇತ ನುಂಗೋರಲ್ಲ ನಾವು. ನೋಡು, ಎದುರಿಗಿರೋದು ನಾಯಿ ಬಿಲ. ಹಳೇ ಅಭ್ಯಾಸ ಅಂತ ಕೈ ಹಾಕ್ಬಿಟ್ಟೀಯ!"

"ಬಿಲ ನೋಡಿದ್ರೆ ಬಾಯಲ್ಲಿ ನೀರು ಬರೋದೇನೋ ನಿಜ, ಅಮ್ಮ. ಆದ್ರೂ ನಿಮ್ಮೋರಿಗಿಂತ ವಾಸಿ. ನಮ್ಮಜ್ಜಂದಿರು ಈಟಿ ಹಿಡ್ಕೊಂಡು ಬಂದಾಗ ನಿಮ್ಮಜ್ಜಂದಿರು ಇಂಥಾ ಬಿಲದೊಳಗೇ ತಾನೆ ಅವಿತಿದ್ದು?"

"ಅವಿತಿದ್ದಲ್ವೋ ದಡ್ಡ. ನಿಮ್ಮೋರ ನಾತ ತಡೀಲಾರದೆ ಒಳಗೆ ಹೋಗಿದ್ದು."

ಯಾರೂ ಗಾಬರಿಯಾಗಬೇಡಿ. ಬೆಂಬಾ ಜನ ಮತ್ತು ಅಂಗೋನಿ ಜನ ಕೀಟಲೆ ನೆಂಟರು. ನಮ್ಮ ಮುತ್ತಜ್ಜಂದಿರು ಈಟಿಯಲ್ಲಿ ತಿವಿದುಕೊಂಡರು, ನಾವು ಬಾಯಲ್ಲಿ ತಿವಿದುಕೊಳ್ಳುತ್ತೇವೆ. ಸಂತೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಸಾವಿನ ಮನೆಯಲ್ಲೇ ಆಗಲಿ, ಎದುರಾದರೆ ಬೈಯಲೇಬೇಕು, ಬೈಸಿಕೊಂಡವರು ಕೋಪಿಸಿಕೊಳ್ಳುವ ಹಾಗಿಲ್ಲ. ಬೈಯದಿದ್ದರೇ ಅವಮಾನ. ಆ ಕತ್ತಲಲ್ಲಿ ನಾವಿಬ್ಬರೂ ಬಾಯಿಗೆ ತೋಳು ಒತ್ತಿಕೊಂಡು ನಕ್ಕೆವು. ಕಬಾಸೊ ಜೊತೆ ಕೂತರೆ ಅವನ ಮಂಡಿನೋವಿನ ಕಥೆ ಬಿಟ್ಟು ಇನ್ನೊಂದು ಮಾತಿರುತ್ತಿರಲಿಲ್ಲ. ಈ ಹುಡುಗ ಎಷ್ಟು ಚೂಟಿಯಾಗಿದ್ದಾನೆ, ಚಿಲೆಶೆಗೆ ಇಂಥವನೊಬ್ಬ ಸಿಗಬಾರದಿತ್ತೆ ಎಂದುಕೊಂಡೆ.

ಬೆಳಕು ಹರಿಯಿತು. ಹುಲ್ಲಿನ ಸಂದಿಯಿಂದ ಬಿಸಿಲಿನ ಒಂದು ಎಳೆ ಅವನ ಮುಖದ ಮೇಲೆ ಬಿತ್ತು. ಮೇಲಿನ ಹಲ್ಲುಗಳ ನಡುವೆ ದೊಡ್ಡ ಸಂದಿ. ಮಗಳ ಫೋನಿನಲ್ಲಿ ಆ ಹಲ್ಲನ್ನು ನಾನು ಕಂಡಿದ್ದೆ. ಅದೇ ಹೊತ್ತಿಗೆ ಅವನೂ ನನ್ನನ್ನು ನೋಡಿದ. ಅವಳ ಫೋನಿನಲ್ಲಿ ನನ್ನ ಮುಖವೂ ಇತ್ತಲ್ಲ.

"ಬನಾ ಚಿಲೆಶೆ?" ಎಂದ. ಚಿಲೆಶೆಯ ತಾಯಿ ಎಂದು. ಕಾಡಿನಲ್ಲಿ ನನ್ನನ್ನು ಹಾಗೆ ಕರೆಯುವವರಿಲ್ಲ, ಇಲ್ಲಿ ನಾನು ಕ್ಯಾಮೆರಾದ ಕಪೆಂಬ್ವಾ ಮಾತ್ರ. ಕಂಪನಿಯವರು ಅವನಿಗೂ ಅಷ್ಟೇ ಹೇಳಿದ್ದರು. ತನ್ನ ಅತ್ತೆಯಾಗುವವಳು ಕಾಫುಯೆಯಲ್ಲಿ ಆನೆಗಳ ಹಿಂದೆ ಇದ್ದಾಳೆಂದು ನಂಬಿ ಆ ಬಡಪಾಯಿ ಧೈರ್ಯವಾಗಿ ಬಂದಿದ್ದ.

ಅವನು, ತಟ್ಟೆ ಕಳಿಸಿದ ಲಿಂಬಿಕಾನಿ ಜೆರೆ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಗರ್ರನೆ ಗೋಡೆಯ ಕಡೆ ತಿರುಗಿದ. ತಿರುಗುವ ಭರದಲ್ಲಿ ಟ್ರೈಪಾಡನ್ನೇ ಬೀಳಿಸುತ್ತಿದ್ದ. ನಾನೂ ಇನ್ನೊಂದು ಗೋಡೆಗೆ ತಿರುಗಿದೆ.

ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವ ಹಾಗಿಲ್ಲ. ದಾರಿಯಲ್ಲಿ ಎದುರಾದರೆ ಪೊದೆಯೊಳಗಾದರೂ ಇಳಿದು ದಾರಿ ಬಿಡಬೇಕು. ನೇರವಾಗಿ ಮಾತಾಡಿಸುವ ಹಾಗಿಲ್ಲ. ಅವಳ ಮುಂದೆ ಬಾಯಿ ತೆರೆದು ತಿನ್ನುವುದಂತೂ ದೂರದ ಮಾತು. ಅಂಗೋನಿಗಳಲ್ಲಿ ಇನ್ನೂ ಬಿಗಿ. ಮದುವೆಯಾಗಿ, ಮಕ್ಕಳಾಗಿ, ಇವನು ಒಳ್ಳೆಯವನೇ ಎಂದು ಮನಸ್ಸು ತುಂಬಿದ ಮೇಲೆ ಒಂದು ದಿನ ಅತ್ತೆ ಅವನನ್ನು ಎದುರಿಗೆ ಕೂರಿಸಿ ಕೈಯಾರೆ ಉಣಿಸುತ್ತಾಳೆ. ಅದಕ್ಕೆ 'ಒಳಗೆ ತರುವುದು' ಎನ್ನುತ್ತೇವೆ. ಅಂದಿನಿಂದ ಅವನು ಅಳಿಯನಲ್ಲ, ಮಗ. ಹಾಗೆ ಒಳಗೆ ತಂದವನನ್ನು ಮತ್ತೆ ಹೊರಗೆ ಹಾಕಿದ ಅತ್ತೆ ನಮ್ಮ ಕಡೆ ಇಲ್ಲ.

ಎದ್ದು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಗುಂಪಿನ ಉಳಿದ ನಾಯಿಗಳು ಬೇಟೆಗೆ ಹೊರಟಿದ್ದವು. ತಾಯಿ ಬಿಲದ ಬಾಯಲ್ಲೇ ಮಲಗಿ ನಮ್ಮ ಕಡೆಗೇ ಮುಖ ಮಾಡಿದ್ದಳು. ಒಬ್ಬರು ಹೊರಗೆ ತಲೆ ಹಾಕಿದರೂ ಆಟ ಮುಗಿಯಿತು. ಯೋತಾಂ ಬರುವುದು ಕತ್ತಲಾದ ಮೇಲೆ. ಮರೆಯ ಮೂಲೆಯಲ್ಲಿ ಪರದೆಯ ಹಿಂದೆ ಒಂದು ಬಕೆಟ್ ಇರುತ್ತದೆ. ಆ ದಿನ ನಮ್ಮಿಬ್ಬರಲ್ಲಿ ಯಾರೂ ಅದರ ಹತ್ತಿರ ಸುಳಿಯಲಿಲ್ಲ ಎಂದಷ್ಟೇ ಹೇಳುತ್ತೇನೆ.

ಅತ್ತೆ ಅಳಿಯ ಮಾತಾಡಲೇಬೇಕಾದರೆ ನಡುವೆ ಒಬ್ಬರು ಬೇಕು. ನಮ್ಮವ್ವ ನನ್ನ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅಂಗಳದ ಕೋಳಿಗೆ ಹೇಳುತ್ತಿದ್ದಳು. ಇಲ್ಲಿ ಕೋಳಿಯೂ ಇರಲಿಲ್ಲ. ನಮ್ಮಿಬ್ಬರ ಬೆನ್ನುಗಳ ನಡುವೆ ಟೀ ಫ್ಲಾಸ್ಕ್ ನಿಂತಿತ್ತು. ಗಾಳಿ ಬಿಲದ ಕಡೆಯಿಂದ ನಮ್ಮ ಕಡೆ ಬೀಸುತ್ತಿದ್ದುದರಿಂದ ಪಿಸುಮಾತಿಗೆ ಅಡ್ಡಿಯಿರಲಿಲ್ಲ.

"ಫ್ಲಾಸ್ಕೇ," ಎಂದು ಅವನೇ ಶುರುಮಾಡಿದ, "ಅಮ್ಮನೋರಿಗೆ ಹೇಳು. ಕತ್ತಲಲ್ಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಮಂಗದ ವಿಷ್ಯ ವಾಪಸ್ ತಗೊಂಡಿದೀನಿ."

"ಫ್ಲಾಸ್ಕೇ, ಅವನು ತಗೊಂಡ್ರೆ ತಗೊಳ್ಲಿ ಅನ್ನು. ಇಲಿ ವಿಷ್ಯ ನಾನಂತೂ ವಾಪಸ್ ತಗೊಳ್ಳಲ್ಲ."

ಅವನ ಬೆನ್ನು ಅಲುಗಿತು. ನಗು ತಡೆದುಕೊಳ್ಳುತ್ತಿದ್ದಾನೆಂದು ತಿಳಿಯಿತು. ನನಗೂ ನಗು ಬಂತು, ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟೂ ಬಂತು. ಬೇಡವೆಂದು ತೀರ್ಮಾನಿಸಿದ ಹುಡುಗನ ಜೊತೆ ಸಲಿಗೆ ಎಂಥದ್ದು?

ಹೊತ್ತು ಏರಿತು. 'ಮೊಪಾನೆ ನೊಣ' ಎಂದು ನಾವು ಕರೆಯುವ ಸಣ್ಣ ಹುಳಗಳು ಕಣ್ಣಿಗೆ ಮುತ್ತಿಕೊಂಡವು. ಊಟದ ಚೀಲ ನನ್ನ ಕಾಲ ಬಳಿ ಇತ್ತು, ಇಬ್ಬರದೂ ಅದರಲ್ಲೇ.

"ಫ್ಲಾಸ್ಕೇ, ಹಸಿವಾಗಿದ್ರೆ ತಿನ್ನು ಅನ್ನು. ನಾನು ಈ ಕಡೆ ತಿರುಗಿರ್ತೀನಿ."

"ತಿರುಗಿದ್ರೂ ಕಿವಿ ಇರ್ತಾವಲ್ಲ ಅನ್ನು ಫ್ಲಾಸ್ಕೇ. ಅತ್ತೆ ಆಗೋರ ಪಕ್ಕದಲ್ಲಿ ಕೂತು ಚಪ್ಪರಿಸಿದ ಅಂತ ಗೊತ್ತಾದ್ರೆ ನಮ್ಮಮ್ಮ ನನ್ನ ಚರ್ಮ ಸುಲೀತಾಳೆ."

"ಅತ್ತೆ ಆಗೋರು ಅಂತ ಯಾರು ಹೇಳಿದ್ದು? ತಟ್ಟೆ ಇನ್ನೂ ಮುಚ್ಚೇ ಇದೆ ಅನ್ನು."

"ಫ್ಲಾಸ್ಕೇ, ಗೊತ್ತು ಅನ್ನು," ಎಂದ.

ಅವನು ಅದನ್ನು ಬೇಸರದಿಂದ ಹೇಳಲಿಲ್ಲ, ಸಾದಾ ದನಿಯಲ್ಲಿ ಹೇಳಿದ. ನನಗೆ ಮಾತ್ರ ಎಲ್ಲೋ ಚುರುಕ್ ಎಂದಿತು. ಅವನು ತಿನ್ನದಿದ್ದ ಮೇಲೆ ನಾನೂ ತಿನ್ನುವಂತಿರಲಿಲ್ಲ. ನನ್ನ ಹೊಟ್ಟೆಗೆ ಈ ಕೆಲಸದಲ್ಲಿ ಉಪವಾಸದ ರೂಢಿಯಿದೆ. ಅವನದಕ್ಕೆ ಇರಲಿಲ್ಲ. ಮೇಲಾಗಿ ಹಿಂದಿನ ರಾತ್ರಿ ಲಾರಿಯಲ್ಲೂ ಏನೂ ತಿಂದಿರಲಿಲ್ಲವಂತೆ.

ನಡುಮಧ್ಯಾಹ್ನ ಕಳೆದಿತ್ತು. ತಾಯಿನಾಯಿ ಎದ್ದು ಬಿಲದೊಳಗೆ ಮೂತಿ ಇಟ್ಟು ಸಣ್ಣಗೆ ಕೂಗಿದಳು. ಮರಿಗಳನ್ನು ಕರೆಯುವ ಕೂಗು ಅದು! ನಾನು ಕ್ಯಾಮೆರಾಗೆ ಕಣ್ಣಿಟ್ಟೆ. ಬಿಲದ ಕತ್ತಲಲ್ಲಿ ಒಂದು ಕಪ್ಪು ಮೂಗು, ಅದರ ಹಿಂದೆ ಎರಡು ಕಿವಿ ಕಂಡವು. ಇನ್ನೇನು ಬಂತು, ಬಂತು ಎನ್ನುವಾಗ ನನ್ನ ಬೆನ್ನ ಹಿಂದೆ ಸಿಂಹ ಗುರುಗುಟ್ಟಿತು.

ಸಿಂಹವಲ್ಲ, ಲಿಂಬಿಕಾನಿಯ ಹೊಟ್ಟೆ.

ಪಿಸುಮಾತಾದರೆ ಗಾಳಿ ನುಂಗುತ್ತದೆ. ಆ ಸದ್ದು ಹಾಗಿರಲಿಲ್ಲ. ಪಾತಾಳದಿಂದ ಎದ್ದು, ಉರುಳಿ ಉರುಳಿ, ಕೊನೆಗೊಂದು ಪ್ರಶ್ನೆ ಕೇಳಿದ ಹಾಗೆ ಮುಗಿಯಿತು. ತಾಯಿನಾಯಿ ಅಗಲವಾದ ಕಿವಿಗಳನ್ನು ನಿಗುರಿಸಿ ನಮ್ಮ ಕಡೆ ನೋಟ ನೆಟ್ಟಳು. ಕಾಡುನಾಯಿಗೆ ಸಿಂಹಕ್ಕಿಂತ ದೊಡ್ಡ ಶತ್ರುವಿಲ್ಲ. ಮರಿಯನ್ನು ಮೂತಿಯಿಂದ ಒಳಗೆ ದಬ್ಬಿ, ಬಿಲಕ್ಕೆ ಅಡ್ಡವಾಗಿ ನಿಂತುಬಿಟ್ಟಳು. ಇನ್ನೊಂದು ಸಲ ಹೀಗಾದರೆ ಅವಳು ಇಲ್ಲಿ ಉಳಿಯುವುದಿಲ್ಲ.

"ಫ್ಲಾಸ್ಕೇ!" ನನ್ನ ಪಿಸುಮಾತು ಬುಸುಗುಟ್ಟುವಂತಿತ್ತು. "ಈ ಹೊಟ್ಟೆಬಾಕನಿಗೆ ಹೇಳು, ಒಂದು ವರ್ಷದ ಕೆಲಸ ಅವನ ಕರುಳು ತಿಂದುಹಾಕ್ತಿದೆ. ಮರ್ಯಾದೆ ಗಿರ್ಯಾದೆ ಎಲ್ಲ ಆಮೇಲೆ, ಈಗ ತಿನ್ನು ಅನ್ನು!"

"ಫ್ಲಾಸ್ಕೇ, ಅಮ್ಮನೋರ ಕಾಲಿಗೆ ಬಿದ್ದೆ ಅನ್ನು. ಬೇಕಾದ್ರೆ ಹೊಟ್ಟೆಗೆ ಬೆಲ್ಟ್ ಬಿಗೀತೀನಿ. ತಿನ್ನು ಅಂತ ಮಾತ್ರ ಅನ್ಬೇಡಿ ಅನ್ನು. ತಟ್ಟೆ ವಾಪಸ್ ಬಂದ್ರೆ ಬರ್ಲಿ. ಆದ್ರೆ ಹುಡುಗನಿಗೆ ಮರ್ಯಾದೆ ಗೊತ್ತಿರ್ಲಿಲ್ಲ, ಅದಕ್ಕೇ ವಾಪಸ್ ಬಂತು ಅಂತ ಚಿಲೆಶೆ ತಲೆ ತಗ್ಗಿಸ್ಬಾರ್ದು."

ಬೆಲ್ಟ್ ಬಿಗಿದುಕೊಂಡ. ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿ ಕೂತ. ಪಾಪ ಅನ್ನಿಸಿತು. ಪಾಪ ಅನ್ನಿಸಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ, ಬೀರುವಿನ ಮೇಲೆ ತಟ್ಟೆ ಬಂದ ದಿನವೇ ಕೇಳಬೇಕಾಗಿದ್ದನ್ನು ಕೇಳಿಬಿಟ್ಟೆ.

"ಫ್ಲಾಸ್ಕೇ, ವರ್ಷದಲ್ಲಿ ಎಷ್ಟು ದಿನ ಕಾಡಲ್ಲಿರ್ತಾನೆ ಕೇಳು. ನನ್ನ ಮಗಳು ಎಷ್ಟು ದಿನ ಬಾಗಿಲು ಕಾಯ್ಬೇಕು ಕೇಳು."

"ಕಾಡಲ್ಲಾ?" ಅವನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಫ್ಲಾಸ್ಕನ್ನೇ ಮರೆತ. ಮತ್ತೆ ನೆನಪಿಸಿಕೊಂಡು ಹೇಳಿದ, "ಫ್ಲಾಸ್ಕೇ, ಇವತ್ತು ಒಂದು ದಿನ ಅನ್ನು. ಇದೇ ಮೊದಲು, ದೇವರು ದೊಡ್ಡೋನಾದ್ರೆ ಇದೇ ಕೊನೆ. ನಾನು ಎಂಪಿಕಾ ರೇಡಿಯೋದಲ್ಲಿ ಕೆಲಸ ಮಾಡೋದು. ಚರ್ಚ್ ಹಾಡು, ಫುಟ್‌ಬಾಲ್ ಮ್ಯಾಚು, ಯಾರು ತೀರ್ಕೊಂಡ್ರು, ಯಾರ ಮೇಕೆ ಕಳೆದೋಯ್ತು, ಇಂಥದ್ದು ರೆಕಾರ್ಡ್ ಮಾಡ್ತೀನಿ. ಸಂಜೆ ಬೀಗ ಹಾಕಿ ಮನೆಗೆ ಹೋಗ್ತೀನಿ. ಹೆಣ್ಣಿನ ಮನೆಗೆ ತೆರ ಅಂತ ಹಸು ಕೊಡ್ಬೇಕಲ್ಲ, ನಾಲ್ಕು ಕಾಸು ಸಿಗತ್ತೆ ಅಂತ ಇಲ್ಲಿಗೆ ಬಂದೆ."

ತಿಂಗಳುಗಳಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲು ಒಂದೇ ಮಾತಿಗೆ ಉರುಳಿಹೋಯಿತು. ನೆಮ್ಮದಿಯಾಗಬೇಕಿತ್ತು. ಆದರೆ ಮನುಷ್ಯರ ಬುದ್ಧಿ ನೋಡಿ, ನನಗೆ ಅವಮಾನವಾಯಿತು! ಇದೇ ಕೊನೆಯಂತೆ! ಏನಾಗಿದೆ ನನ್ನ ಕಾಡಿಗೆ?

"ಫ್ಲಾಸ್ಕೇ, ಕಾಡು ಯಾಕೆ ಆಗಲ್ವಂತೆ ಇವನಿಗೆ?"

"ಹಾವು ಅನ್ನು. ಆನೆ ಅನ್ನು. ಬಕೆಟ್ಟು ಅನ್ನು. ಮತ್ತೆ ಈಗ ನನ್ನ ಪ್ಯಾಂಟೊಳಗೆ ಹತ್ತುತಾ ಇರೋದು ಏನು ಅಂತ ಕೇಳು, ಬೇಗ!"

"ಇರುವೆ. ಅಲುಗಾಡ್ಬೇಡ ಅನ್ನು."

ಅವನು ಅಲುಗಾಡಲಿಲ್ಲ. ಅದು ಕಚ್ಚುವ ಜಾತಿಯ ಇರುವೆ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣಿಸುತ್ತಿತ್ತು. ಆದರೂ ಅವನು ತುಟಿ ಎರಡು ಮಾಡಲಿಲ್ಲ.

ಬಿಸಿಲು ಇಳಿದು ಹುತ್ತದ ನೆರಳು ಉದ್ದವಾಯಿತು. ಚಿತ್ರಕ್ಕೆ ಬೇಕಾದ ಬೆಳಕು ಇನ್ನು ಸ್ವಲ್ಪವೇ ಹೊತ್ತು. ಆಗ ಅವನು ಕಿವಿಯಲ್ಲಿದ್ದ ಹೆಡ್‌ಫೋನನ್ನು ತೆಗೆದು ಫ್ಲಾಸ್ಕಿನ ಮೇಲೆ ಮೆಲ್ಲಗೆ ಇಟ್ಟ. "ಅಮ್ಮನೋರಿಗೆ ಕೇಳಿಸ್ಕೊಳ್ಳೋಕೆ ಹೇಳು," ಎಂದ.

ನಾನು ಹಾಕಿಕೊಂಡೆ. ಬಿಲದ ಬಾಯಿಯ ಹತ್ತಿರ ಕಬಾಸೊ ಮಣ್ಣಿನಲ್ಲಿ ಹುದುಗಿಸಿಟ್ಟಿದ್ದ ಮೈಕ್ ಒಂದಿತ್ತು. ಅದರಿಂದ ಮರಿಗಳ ಗುಜುಗುಜು ಕೇಳಿಸಿತು. ಒಂದನ್ನೊಂದು ತುಳಿಯುವುದು, ಕುಂಯ್ಗುಡುವುದು, ಯಾವುದೋ ಒಂದು ಸೀನಿದ್ದು. ಇಷ್ಟು ವರ್ಷ ನಾನು ಕಣ್ಣಿನಿಂದಲೇ ಬದುಕಿದವಳು. ಸೌಂಡ್ ಹಿಡಿಯುವವರು ಏನು ಕೇಳುತ್ತಾರೆಂದು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಕತ್ತಲಲ್ಲಿ ಮಲಗಿ, ಹೊರಗೆ ಹೋದವರ ಹೆಜ್ಜೆಗಾಗಿ ಕಿವಿಗೊಟ್ಟ ಮಕ್ಕಳ ಸದ್ದು ಅದು.

"ಸದ್ದು ಹತ್ರ ಹತ್ರ ಆಗ್ತಿದೆ, ಅಲ್ವಾ ಫ್ಲಾಸ್ಕೇ?" ಗೋಡೆಗೆ ಮುಖ ಮಾಡಿಕೊಂಡೇ ಅವನು ಹೇಳಿದ. "ಮೇಲಕ್ಕೆ ಹತ್ತುತಾ ಇವೆ. ಈಗ ಬರ್ತಾವೆ."

ಅದನ್ನು ಹೇಳಿ ಮುಗಿಸಿದ್ದೇ ತಡ ಅವನ ಹೊಟ್ಟೆ ಮತ್ತೆ ಶುರುವಿಟ್ಟಿತು. ಇನ್ನೂ ಸಣ್ಣದಾಗಿ, ದೂರದ ಗುಡುಗಿನಂತೆ. ತಾಯಿನಾಯಿಯ ಒಂದು ಕಿವಿ ನಮ್ಮ ಕಡೆ ತಿರುಗಿತು. ಇದು ಜೋರಾಗುವುದರೊಳಗೆ ಆ ಹೊಟ್ಟೆಗೆ ಏನಾದರೂ ಹಾಕಲೇಬೇಕು. ಚೀಲದೊಳಗೆ ಕೈಯಾಡಿಸಿದೆ. ನಮ್ಮ ಕಡೆಯ ತಿಂಡಿ, ಹುರಿದ ಕಂಬಳಿಹುಳ ಸಿಕ್ಕಿತು, ಅದು ಕಟುಂ ಎನ್ನುತ್ತದೆ. ಕಡಲೆಕಾಯಿಯೂ ಅಷ್ಟೇ. ಮೆಕ್ಕೆಜೋಳದ ಉಬ್ವಾಲಿ ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು, ಬಿಚ್ಚಿದರೆ ಸರಬರ. ಅಡಿಯಲ್ಲಿ ಬೇಯಿಸಿದ ಗೆಣಸು ಇತ್ತು. ಮೆತ್ತಗಿನ ಗೆಣಸು.

ಭುಜದ ಮೇಲಿಂದ ಅವನ ಬಾಯಿಯ ಹತ್ತಿರ ಹಿಡಿದೆ. ಅವನು ತುಟಿ ಬಿಗಿದು ತಲೆ ಅಲ್ಲಾಡಿಸಿದ. ಹಟಕ್ಕೆ ಹಟ. ನನಗಿಂತ ಹಟಮಾರಿಯೊಬ್ಬನನ್ನು ಅಂದೇ ನಾನು ನೋಡಿದ್ದು.

ಏನು ಮಾಡಿದರೆ ಅವನು ಬಾಯಿ ತೆರೆಯುತ್ತಾನೆಂದು ನನಗೆ ಗೊತ್ತಿತ್ತು. ಅದರ ಅರ್ಥ ಏನೆಂದೂ ಗೊತ್ತಿತ್ತು. ಯೋಚಿಸಲು ಹೊತ್ತಿರಲಿಲ್ಲ, ಕ್ಯಾಮೆರಾ ಓಡುತ್ತಿತ್ತು. ಅವನ ಗಲ್ಲ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. "ತಿನ್ನು, ಮಗನೇ," ಎಂದೆ.

ಅವನ ಕಣ್ಣುಗಳು ಅಗಲವಾದವು. ಬಾಯಿ ತೆರೆಯಿತು. ಗೆಣಸನ್ನು ಒಳಗೆ ತುರುಕಿ ಕ್ಯಾಮೆರಾದ ಕಡೆ ತಿರುಗಿದೆ.

ಹೊಟ್ಟೆ ಸುಮ್ಮನಾಯಿತು. ತಾಯಿನಾಯಿಯ ಕಿವಿ ಮತ್ತೆ ಬಿಲದ ಕಡೆ ಹೋಯಿತು. ಮೊದಲ ಮರಿ ಬಂತು, ಕರ್ರಗೆ, ದೊಡ್ಡ ತಲೆ ಹೊತ್ತುಕೊಂಡು. ಹೊಸಿಲಲ್ಲೇ ಎಡವಿ ಮುಗ್ಗರಿಸಿತು. ಅದರ ಮೇಲೆ ಎರಡನೆಯದು ಬಿತ್ತು, ಎರಡರ ಮೇಲೆ ಇನ್ನಷ್ಟು. ಇಳಿಬಿಸಿಲು ಅವುಗಳ ಮೇಲೆ ಬಿದ್ದಾಗ ಎಲ್ಲವೂ ಒಟ್ಟಿಗೆ ಸ್ತಬ್ಧವಾಗಿ, ಬೆಳಕು ಎಂದರೆ ಏನೆಂದು ನೋಡಿದವು. ಅಷ್ಟರಲ್ಲಿ ಬೇಟೆಗೆ ಹೋದವರು ಮರಗಳ ನಡುವಿನಿಂದ ಓಡಿ ಬಂದರು. ಹೊಟ್ಟೆಯಲ್ಲಿ ತಂದ ಮಾಂಸವನ್ನು ಮೊದಲು ಮನೆಯಲ್ಲಿ ಉಳಿದ ತಾಯಿಯ ಮುಂದೆ ಕಕ್ಕಿದರು. ನಾನು ಶೂಟ್ ಮಾಡುತ್ತಲೇ ಇದ್ದೆ. ಕಣ್ಣು ಮಂಜಾಗಿ ಫೋಕಸ್ ಸರಿಯಿದೆಯೋ ಇಲ್ಲವೋ ಕಾಣಿಸುತ್ತಿರಲಿಲ್ಲ. ಆಮೇಲೆ ನೋಡಿದರೆ ಸರಿಯಾಗಿಯೇ ಇತ್ತು.

ಬೆಳಕು ಹೋಯಿತು. ನಾಯಿಗಳು ಬಿಲದ ಸುತ್ತ ಮುದುಡಿ ಮಲಗಿದವು. ಲಿಂಬಿಕಾನಿ ಮೆಷಿನ್ ಆಫ್ ಮಾಡಿ ಕೇಬಲ್ ಸುತ್ತಿಟ್ಟ. ಆಮೇಲೆ, ನಡುವೆ ಯಾರನ್ನೂ ಇಟ್ಟುಕೊಳ್ಳದೆ, ನನಗೇ ಹೇಳಿದ.

"ಅಮ್ಮ, ನೀವು ಅದನ್ನ ಶಾಟ್‌ಗೋಸ್ಕರ ಮಾಡಿದ್ದು ಅಂತ ನಂಗೆ ಗೊತ್ತು. ನೋಡಿದೋರು ಯಾರೂ ಇಲ್ಲ. ನಿಮ್ಮ ಮಾತು ಮೈಕಲ್ಲಿ ಬಂದಿದೆ, ಅಷ್ಟನ್ನ ಅಳಿಸ್ಬಿಡ್ತೀನಿ. ನೀವು ಮನೆಗೆ ಹೋಗಿ ನಿಧಾನಕ್ಕೆ ಯೋಚ್ನೆ ಮಾಡಿ. ತಟ್ಟೆ ಕಳ್ಸಿದ್ರೂ ಈ ಗೆಣಸಿನ ಸುದ್ದಿ ನಾನು ಸಾಯೋವರೆಗೂ ಎತ್ತಲ್ಲ."

ಒಳಗೆ ಬಂದವನು ತಾನೇ ಬಾಗಿಲು ತೆರೆದು ಹೊರಗೆ ನಿಲ್ಲುತ್ತೇನೆ ಅನ್ನುತ್ತಿದ್ದ. ಶಾಟ್‌ಗೋಸ್ಕರ ಮಾಡಿದೆನೇ? ಹೌದು, ಆ ಗಳಿಗೆಯಲ್ಲಿ ಅದಕ್ಕೇ. ಆದರೆ 'ಮಗನೇ' ಎಂದು ನಾಲಿಗೆಯ ಮೇಲೆ ಬಂದದ್ದು ಎಷ್ಟು ಸಲೀಸಾಗಿ ಬಂತು! ಬೆಳಿಗ್ಗೆಯಿಂದ ಅಲ್ಲೇ ತುದಿಯಲ್ಲಿ ಕಾದು ಕೂತಿತ್ತೇನೋ. ನಾನು ಪ್ಲಾಸ್ಟಿಕ್ ಬಿಚ್ಚಿ ಉಬ್ವಾಲಿ ಮುದ್ದೆಯನ್ನು ನಮ್ಮಿಬ್ಬರ ನಡುವೆ ಇಟ್ಟೆ, ಪಕ್ಕದಲ್ಲಿ ಕಂಬಳಿಹುಳ.

"ಅಳಿಸೋದೆಲ್ಲ ಆಮೇಲೆ. ಕೈ ತೊಳ್ಕೋ," ಎಂದೆ. "ನಂಗೂ ಹಸಿವಾಗಿದೆ."

ಅವನು ಮೊದಲು ನನ್ನ ಕೈಗೆ ನೀರು ಹಾಕಿದ. ನೀರು ಅರ್ಧ ನನ್ನ ಮಡಿಲಿಗೇ ಬಿತ್ತು. ಒಂದೇ ಮುದ್ದೆಯಿಂದ ಮುರಿದು ಮುರಿದು ಇಬ್ಬರೂ ತಿಂದೆವು. ಅವನು ತಿನ್ನುವ ಸದ್ದು ನಿಜಕ್ಕೂ ಜೋರು.

"ಹುಳ ಚೆನ್ನಾಗಿದೆ ಅಮ್ಮ. ಇಲಿ ಅಷ್ಟಿಲ್ಲ," ಎಂದ ತುಂಬಿದ ಬಾಯಲ್ಲಿ.

"ಮುಚ್ಚೋ ಬಾಯಿ," ಎಂದೆ. ಹಾಗೆ ಹೇಳುವಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಯೋತಾಂ ಬಂದು ನಮ್ಮನ್ನು ಹತ್ತಿಸಿಕೊಂಡ. ಫೋನಿಗೆ ಸಿಗ್ನಲ್ ಸಿಗುವ ದಿಬ್ಬದ ಮೇಲೆ ಗಾಡಿ ನಿಲ್ಲಿಸಲು ಹೇಳಿ ಮಗಳಿಗೆ ಫೋನ್ ಮಾಡಿದೆ.

"ಅಮ್ಮ? ಏನು ಈ ಹೊತ್ತಲ್ಲಿ? ಹುಷಾರಾಗಿದೀಯ ತಾನೆ?" ಅವಳ ದನಿಯಲ್ಲಿ ಗಾಬರಿಯಿತ್ತು. ನಾನಾಗಿಯೇ ಫೋನ್ ಮಾಡುವುದು ಅವಳಿಗೆ ಅಷ್ಟು ಅಪರೂಪ.

"ಹುಷಾರಾಗಿದೀನಿ. ಒಂದು ಗಡಿಬಿಡಿ ಆಗೋಯ್ತು ಕಣೇ. ನಿನ್ನ ಹುಡುಗನ್ನ ಒಳಗೆ ತಂದ್ಬಿಟ್ಟೆ. ನನ್ನ ಕೈಯಾರೆ ಉಣಿಸಿ."

ಅವಳು ಕಿರುಚಿದ್ದು ಯೋತಾಂಗೂ ಕೇಳಿಸಿತು, ಹಿಂದಿನ ಸೀಟಿನಲ್ಲಿದ್ದವನಿಗೂ ಕೇಳಿಸಿತು.

"ಅಮ್ಮಾ! ಮಕ್ಕಳಾದ ಮೇಲೆ ತಾನೆ ಅದನ್ನ ಮಾಡೋದು? ನಮ್ಮದಿನ್ನೂ ಮದ್ವೇನೇ ಆಗಿಲ್ವಲ್ಲ!"

"ಹಾಗಾದ್ರೆ ಬೇಗ ಮಾಡ್ಕೊಳ್ಳಿ," ಎಂದೆ. "ಊಟ ಆಗಿಹೋಗಿದೆ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಫೋನನ್ನು ಹಿಂದಿನ ಸೀಟಿಗೆ ಕೊಟ್ಟು, ನಾನು ಗಾಡಿಯಿಂದ ಇಳಿದು ದಿಬ್ಬದ ಆ ಕಡೆಗೆ ನಡೆದೆ. ಅವರಿಬ್ಬರ ಮಾತು ನನ್ನ ಕಿವಿಗೆ ಬೀಳದಷ್ಟು ದೂರಕ್ಕೆ.